ಮೊದಲು ಬ್ಯಾಟರಿ ತೆಗೆದವಳು

ಬೆಸುಗೆ ಅಕ್ಕನ ಕೈ ತಪ್ಪು ಮಾಡುವುದಿಲ್ಲ ಎಂದು ನಾನು ಬರೆದರೆ ಅವಳೇ ಬಂದು ಹಾಳೆ ಹರಿದುಹಾಕುತ್ತಾಳೆ. ತಪ್ಪು ಬೇಕಾದಷ್ಟು ಮಾಡಿದ್ದಾಳೆ. ಒಂದನ್ನು ಬಿಟ್ಟು ಉಳಿದವನ್ನೆಲ್ಲ ಕಿತ್ತು, ಕೆರೆದು, ಮತ್ತೆ ಬೆಸೆದು ಸರಿಮಾಡಿದ್ದಾಳೆ. ನಾನು ಹೇಳಹೊರಟಿರುವುದು ಆ ಒಂದರ ಕಥೆ.

ಅವಳೂ ನಾನೂ ಹದಿನಾಲ್ಕು ವರ್ಷ ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಸ್ಟೂಲಿನಲ್ಲಿ ಕೂತು ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕಿದವರು. ಅಲ್ಲೊಂದು ಕಟ್ಟಪ್ಪಣೆ ಇತ್ತು: ಮೊದಲು ಬ್ಯಾಟರಿ ತೆಗಿ, ಆಮೇಲೆ ಬೋರ್ಡ್ ಮುಟ್ಟು. ಮರೆತವರ ಬೋರ್ಡು ಸುಡುತ್ತಿತ್ತು, ಬೋರ್ಡಿಗಿಂತ ಜೋರಾಗಿ ಸೂಪರ್‌ವೈಸರ್ ಉರಿಯುತ್ತಿದ್ದ. ಅಕ್ಕನಿಗೆ ಈ ಪಾಠ ಎಷ್ಟು ಒಗ್ಗಿಹೋಯಿತೆಂದರೆ, ಮನೆಯಲ್ಲಿ ಗೋಡೆ ಗಡಿಯಾರದ ಗಾಜು ಒರೆಸುವಾಗಲೂ ಮೊದಲು ಹಿಂದಿನ ಸೆಲ್ ಕಿತ್ತಿಡುತ್ತಿದ್ದಳು. ಅವಳ ಮನೆಯ ಗಡಿಯಾರ ಯಾವತ್ತೂ ಸರಿಯಾದ ಹೊತ್ತು ತೋರಿಸಿದ್ದಿಲ್ಲ.

ಮುಷ್ಕರ ಮಾಡಿದ್ದಕ್ಕೆ ಕಂಪನಿ ನಮ್ಮಿಬ್ಬರನ್ನೂ ಹೊರಗೆ ಹಾಕಿತು. ಕೆಲಸ ಕಿತ್ತುಕೊಂಡರು, ಕೈಗೆ ಕಲಿಸಿದ್ದನ್ನು ಕಿತ್ತುಕೊಳ್ಳಲು ಅವರಿಗೆ ಆಗಲಿಲ್ಲ. ಅಕ್ಕ ಒಂದು ಮಹಡಿ ಮೆಟ್ಟಿಲಿನ ಕೆಳಗೆ, ಜೆರಾಕ್ಸ್ ಅಂಗಡಿಯ ಪಕ್ಕ, ಮೇಜು ಹಾಕಿಕೊಂಡು ರಿಪೇರಿಗೆ ಕೂತಳು. ಮಿಕ್ಸಿ, ರಿಮೋಟು, ಕಿವಿಗೆ ಹಾಕುವ ಯಂತ್ರ, ಏನು ಬಂದರೂ ಸರಿ. ಮೆಟ್ಟಿಲು ಹತ್ತುವವರ ಚಪ್ಪಲಿಯ ಮಣ್ಣು ಮೇಜಿನ ಮೇಲೆ ಬೀಳದಿರಲೆಂದು ಮೇಲೊಂದು ರಟ್ಟು ಕಟ್ಟಿದ್ದಳು.

ಅವಳ ಅಣ್ಣ ಗೋದಾಮಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ಒಂದು ದಿನ ಏಣಿ ಜಾರಿತು, ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಕಿಟಕಿ ಪಕ್ಕದ ಮಂಚ, ಎದುರಿಗೆ ಟಿವಿ, ಕೈಗೆ ಸಿಗುವಂತೆ ಸ್ಟೂಲಿನ ಮೇಲೆ ಒಂದು ಹಳೇ ಕಾಲದ ಗೇಮ್ ಯಂತ್ರ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಅತ್ತಿಗೆಯ ಹೊಲಿಗೆ ಯಂತ್ರ. ಗೇಮ್ ಯಂತ್ರದ ನೆತ್ತಿಯ ಸೀಳಿಗೆ ಕಾರ್ಟ್ರಿಜ್ ಸಿಕ್ಕಿಸಬೇಕು. ಕಾರ್ಟ್ರಿಜ್ ಎನ್ನುವುದು ಅಂಗಡಿಯವರ ಮಾತು, ಆ ಮನೆಯಲ್ಲಿ ಅದು ಕ್ಯಾಸೆಟ್ಟು. ಇದ್ದದ್ದು ಎರಡು. ಒಂದರಲ್ಲಿ ಊರು ಕಟ್ಟುವ ಆಟ, ಇನ್ನೊಂದರಲ್ಲಿ ಹಡಗು ನಡೆಸುವ ಆಟ.

ಮಂಚದಿಂದ ಏಳಲಾರದವನು ಒಂಬತ್ತು ವರ್ಷದಲ್ಲಿ ಒಂದು ಊರು ಕಟ್ಟಿದ್ದ. ನೀರಿನ ಕೊಳವೆ, ಸೇತುವೆ, ಬಸ್ ಡಿಪೋ, ಆಸ್ಪತ್ರೆ. ಬೆಳಗ್ಗೆ ಹತ್ತಕ್ಕೆ ಕೆಲಸಕ್ಕೆ ಕೂರುತ್ತಿದ್ದ, ಒಂದಕ್ಕೆ ಊಟದ ಬಿಡುವು, ಐದಕ್ಕೆ ಮುಗಿಸುತ್ತಿದ್ದ. ಆಟ ಅಂತ ನಗುವವರು ನಗಲಿ. ಪಾಳಿಯ ಲೆಕ್ಕದಲ್ಲಿ ಬದುಕಿದ ಮನುಷ್ಯ ಪಾಳಿಯಿಲ್ಲದೆ ಬದುಕುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಹುಡುಕಿಕೊಂಡಿದ್ದ.

ಆ ಊರೆಲ್ಲ ಕ್ಯಾಸೆಟ್ಟಿನೊಳಗಿನ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪಿನ ನೆನಪಿನಲ್ಲಿತ್ತು. ಆ ನೆನಪಿಗೆ ಜೀವ ಒಂದು ಬಟನ್ ಬ್ಯಾಟರಿ. ಯಂತ್ರ ಆಫ್ ಆದಾಗ ಬ್ಯಾಟರಿ ಕಾಯುತ್ತದೆ. ಬ್ಯಾಟರಿ ಸತ್ತರೆ ಎಲ್ಲ ಹೋಯಿತು. ತಯಾರಿಸಿದ ಕಂಪನಿ ಇದನ್ನು ಯಾರಿಗೂ ಬಿಡಿಸಿ ಹೇಳಿರಲಿಲ್ಲ.

ಒಂದು ಬೆಳಗ್ಗೆ ಊರಿನ ಕ್ಯಾಸೆಟ್ಟು ಹಾಕಿದರೆ ಪರದೆಯ ತುಂಬ ಬರೀ ಗೆರೆ. ಅಕ್ಕ "ಕೊಡಿಲ್ಲಿ" ಎಂದು ತೆಗೆದುಕೊಂಡಳು, ಸ್ಕ್ರೂ ಬಿಚ್ಚಿದಳು, ಕಾಯಿಸಿದ ಬೆಸುಗೆ ಕಡ್ಡಿ ತಾಗಿಸಿ ಬ್ಯಾಟರಿ ಎತ್ತಿಟ್ಟಳು. ಯೋಚನೆ ಮಾಡಿ ಅಲ್ಲ. ಹದಿನಾಲ್ಕು ವರ್ಷದ ಕೈ ತನ್ನಷ್ಟಕ್ಕೆ ಮಾಡಿತು. ನೋಡಿದರೆ ಸಂಪರ್ಕದ ಹಲ್ಲುಗಳಿಗೆ ಕೊಳೆ ಹಿಡಿದಿತ್ತು, ಅಷ್ಟೆ. ಒರೆಸಿ, ಬ್ಯಾಟರಿ ಮತ್ತೆ ಬೆಸೆದು ಕೊಟ್ಟಳು.

ಪರದೆಯ ಮೇಲೆ ಖಾಲಿ ಹಸಿರು ಬಯಲು.

"ಊರೆಲ್ಲಿ?" ಅಂದ ಅಣ್ಣ.

ಅಕ್ಕನಿಗೆ ಆಗ ಹೊಳೆಯಿತು: ಬ್ಯಾಟರಿಯ ಜೊತೆ ಊರನ್ನೂ ಕಿತ್ತಿದ್ದು ತಾನೇ.

ಅತ್ತಿಗೆ ಹೊಲಿಗೆ ನಿಲ್ಲಿಸಿ ಕತ್ತು ಚಾಚಿದಳು. "ಬುಲ್ಡೋಜರ್ ಬಂದು ಹೋಗಿದೆ ನೋಡಿ, ನಿಮ್ಮ ತಂಗಿ ರೂಪದಲ್ಲಿ."

ಅಣ್ಣ ಬೈಯಲಿಲ್ಲ. ಹಡಗಿನ ಕ್ಯಾಸೆಟ್ಟನ್ನು ದಿಂಬಿನ ಕೆಳಗೆ ತಳ್ಳಿ ಹೆಂಡತಿಗೆ ಹೇಳಿದ: "ಇದನ್ನ ಮುಟ್ಟಿದ್ರೆ ಕೈ ಮುರೀತೀನಂತ ಅವಳಿಗೆ ಹೇಳು. ನಂಗೆ ಕಾಲಿಲ್ಲ, ಕೈ ಗಟ್ಟಿಯಾಗೇ ಇದೆ."

"ಅವಳು ಇಲ್ಲೇ ನಿಂತಿದಾಳಲ್ರೀ."

"ಆದ್ರೂ ನೀನೇ ಹೇಳು."

ಅಲ್ಲಿಂದ ಅಣ್ಣ ತಂಗಿಯ ಮಾತೆಲ್ಲ ಅತ್ತಿಗೆಯ ಮೂಲಕ, ಒಂದೇ ಕೋಣೆಯಲ್ಲಿ. ನಾವು ಮ್ಯಾನೇಜ್‌ಮೆಂಟಿನ ಜೊತೆ ಮಾತಾಡುವಾಗಲೂ ಇಷ್ಟು ಬಿಗಿ ಇರಲಿಲ್ಲ.

ಎರಡೂ ಕ್ಯಾಸೆಟ್ಟು ಒಂದೇ ವಾರ ಕೊಂಡದ್ದು, ಎರಡರ ಬ್ಯಾಟರಿಗೂ ಒಂದೇ ವಯಸ್ಸು. ಮೂರು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಹಡಗಿನ ಆಟದಲ್ಲಿ ಉಳಿಸಿಟ್ಟ ಮೂರು ಪಯಣಗಳಲ್ಲಿ ಒಂದು ಮಾಯವಾಗಿತ್ತು. ಅಣ್ಣ ಅವತ್ತಿನಿಂದ ಯಂತ್ರ ಆಫ್ ಮಾಡುವುದನ್ನೇ ಬಿಟ್ಟ. ಯಂತ್ರ ಓಡುತ್ತಿರುವಷ್ಟು ಹೊತ್ತು ಗೋಡೆಯ ಕರೆಂಟೇ ನೆನಪನ್ನು ಕಾಯುತ್ತದೆ. ಯಂತ್ರದ ಬೆನ್ನು ಬಿಸಿಯಾಗುತ್ತಿತ್ತು. ಅತ್ತಿಗೆ ಅದರ ಕಡೆಗೂ ಫ್ಯಾನ್ ತಿರುಗಿಸಿಟ್ಟಳು.

ಕ್ಷಮಿಸು ಎನ್ನುವ ಮಾತು ಅಕ್ಕನ ಬಾಯಲ್ಲಿ ಹೊರಡುವುದಿಲ್ಲ. ಅವಳು ಸೀದಾ ಗುಜರಿ ಮಾಮನ ಹತ್ತಿರ ಹೋದಳು. ಹಳೇ ಯಂತ್ರಗಳ ಸಾಮಾನೆಲ್ಲ ಬಂದು ಬೀಳುವುದು ಅವನ ಶೆಡ್ಡಿಗೆ. ಆಟದ ಪ್ರಗತಿಯನ್ನು ನಕಲು ಮಾಡಿಟ್ಟುಕೊಳ್ಳುವ ಸಣ್ಣ ಪೆಟ್ಟಿಗೆಗಳು ಒಂದು ಕಾಲದಲ್ಲಿ ಬರುತ್ತಿದ್ದವೆಂದು ಅವಳು ಕೇಳಿದ್ದಳು. ಮಾಮ ಅರ್ಧ ದಿನ ಅಗೆದು ಒಂದನ್ನು ತೆಗೆದುಕೊಟ್ಟ. ಬಿಚ್ಚಿದರೆ ಅದರೊಳಗೂ ಒಂದು ಬ್ಯಾಟರಿ, ಸೋರಿ ಬೋರ್ಡನ್ನೇ ತಿಂದಿತ್ತು.

"ಕಾಯೋನಿಗೇ ಕಾವಲು ಬೇಕಾಯ್ತಲ್ಲಮ್ಮ" ಅಂದ ಮಾಮ.

"ಹಾಗಾದ್ರೆ ನಾನೇ ಮಾಡ್ತೀನಿ."

"ಯಾವತ್ತಾದ್ರೂ ಮಾಡಿದೀಯಾ?"

"ಮುಷ್ಕರಾನೂ ಯಾವತ್ತೂ ಮಾಡಿರ್ಲಿಲ್ಲ."

ಹನ್ನೆರಡು ದಿನ ಹಿಡಿಯಿತು. ಒಂದು ಸೋಪಿನ ಡಬ್ಬಿ. ಅದರ ತಳಕ್ಕೆ ಸತ್ತ ಕ್ಯಾಸೆಟ್ಟೊಂದರ ಹಲ್ಲಿನ ಸಾಲು, ಗೇಮ್ ಯಂತ್ರದೊಳಗೆ ಕೂರಲು. ನೆತ್ತಿಗೆ ಸತ್ತ ಯಂತ್ರವೊಂದರ ಸೀಳು, ಕ್ಯಾಸೆಟ್ಟು ಸಿಕ್ಕಿಸಲು. ನಡುವೆ ಬ್ಯಾಟರಿಯ ಹಂಗಿಲ್ಲದೆ ನೆನಪಿಡುವ ಚಿಪ್ಪು. ಎರಡು ಗುಂಡಿ: ಒಂದು ನಕಲು ಮಾಡಲು, ಇನ್ನೊಂದು ನಕಲನ್ನು ವಾಪಸ್ ತುಂಬಲು. ಕೆಲಸ ನಡೆಯುವಾಗ ಕೆಂಪು ದೀಪ, ಮುಗಿದರೆ ಹಸಿರು. ನಕಲು ಮಾಡಲು ಕ್ಯಾಸೆಟ್ಟನ್ನು ಬಿಚ್ಚುವ ಮಾತೇ ಇಲ್ಲ. ಬಿಚ್ಚುವ ಕೈಯನ್ನು ಅವಳು ಆಗ ನಂಬುತ್ತಿರಲಿಲ್ಲ.

ಡಬ್ಬಿ ನೋಡಿ ಅಣ್ಣ ಹೆಂಡತಿ ಕಡೆ ತಿರುಗಿದ. "ಹತ್ತು ಕ್ಯಾಸೆಟ್ ತರ್ಲಿ. ನಕಲು ಮಾಡ್ಲಿ, ಅಳಿಸ್ಲಿ, ವಾಪಸ್ ತುಂಬ್ಲಿ. ಹತ್ತಕ್ಕೆ ಹತ್ತು. ಒಂಬತ್ತಾದ್ರೆ ಬಾಗಿಲ ಕಡೆ ಮುಖ ಮಾಡು ಅನ್ನು."

"ಕೇಳಿಸ್ತು" ಅಂದಳು ಅಕ್ಕ, ಅತ್ತಿಗೆಗೆ.

ಮನೆಯ ಯಂತ್ರವನ್ನು ಮುಟ್ಟುವಂತಿಲ್ಲ. ಪರೀಕ್ಷೆ ಗುಜರಿ ಶೆಡ್ಡಿನಲ್ಲಿ, ಮಾಮನ ಯಂತ್ರದ ಮೇಲೆ ನಡೆಯಿತು. ಅತ್ತಿಗೆಯೇ ನ್ಯಾಯಾಧೀಶೆ, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದಿದ್ದಳು. ಒಂಬತ್ತು ಸರಿಯಾದವು. ಹತ್ತನೆಯದರ ಆಟ ತೆರೆದರೆ ಒಳಗೆ ಅರ್ಥವಿಲ್ಲದ ಕಸ. ಅಕ್ಕ ಸುಳ್ಳು ಹೇಳಬಹುದಿತ್ತು, ಅತ್ತಿಗೆಗೆ ಗೊತ್ತಾಗುತ್ತಿರಲಿಲ್ಲ. "ಹೋಯ್ತು" ಅಂತ ಅವಳೇ ಹೇಳಿದಳು.

ಅದು ಮಂಗಳವಾರ. ಮನೆಗೆ ಬರುವಷ್ಟರಲ್ಲಿ ಬೀದಿಯ ಕಂಬಕ್ಕೆ ಚೀಟಿ ಅಂಟಿಸಿದ್ದರು: ಗುರುವಾರ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ತಂತಿ ದುರಸ್ತಿ, ಕರೆಂಟ್ ಇಲ್ಲ. ಜೆರಾಕ್ಸ್ ಅಂಗಡಿಯವನು ತನ್ನ ಯುಪಿಎಸ್ ಕೊಡುತ್ತೇನೆಂದ. ಅದು ಒಂದು ಗಂಟೆ ಬರುತ್ತದೆ, ಬೇಕಾದ್ದು ಹನ್ನೆರಡು. ಗುರುವಾರದೊಳಗೆ ಡಬ್ಬಿ ಸರಿಹೋಗದಿದ್ದರೆ ಹಡಗೂ ಮುಳುಗಿದಂತೆ.

ಅತ್ತಿಗೆ ಮಂಚದ ಪಕ್ಕ ಕೂತು ವರದಿ ಒಪ್ಪಿಸಿದಳು. ಅಣ್ಣ ಕಣ್ಣು ಮುಚ್ಚಿ ಕೇಳಿಸಿಕೊಂಡ. ಆಮೇಲೆ ಕೇಳಿದ: "ಆಫ್ ಹೇಗೆ ಮಾಡಿದ್ಲು?"

"ಹೇಗೆ ಅಂದ್ರೆ? ಎಲ್ಲರ ಹಾಗೆ. ಫಟ್ ಅಂತ."

"ರೀಸೆಟ್ ಗುಂಡಿ ಒತ್ತಿಹಿಡೀಲಿಲ್ವಾ?"

ಬಾಗಿಲಲ್ಲಿ ನಿಂತಿದ್ದ ಅಕ್ಕ ತಲೆ ಎತ್ತಿದಳು.

"ಹೆಬ್ಬೆರಳಲ್ಲಿ ರೀಸೆಟ್ ಒತ್ತಿಹಿಡಿದು ಆಮೇಲೆ ಆಫ್ ಮಾಡ್ಬೇಕು. ಇಲ್ದಿದ್ರೆ ಕರೆಂಟ್ ಹೋಗೋ ಗಳಿಗೇಲಿ ಯಂತ್ರಕ್ಕೆ ಹುಚ್ಚು ಹಿಡಿದು ಕ್ಯಾಸೆಟ್ಟಲ್ಲಿ ಗೀಚುತ್ತೆ. ಹೊಸದರಲ್ಲಿ ಹಾಗೆ ಎರಡು ಸೇತುವೆ ಕಳ್ಕೊಂಡಿದ್ದೆ. ಒಂಬತ್ತು ವರ್ಷದಿಂದ ದಿನಾ ಸಂಜೆ ಹಾಗೇ ಮಾಡ್ತಿದೀನಿ. ಎದುರಿಗೇ ಕೂತು ನೋಡಿದಾಳೆ. ಇಂಜಿನಿಯರಮ್ಮನಿಗೆ ಕಾಣ್ಬೇಕಲ್ಲ."

ಅಕ್ಕ ಚಪ್ಪಲಿ ಮೆಟ್ಟಿ ಮೆಟ್ಟಿಲ ಕೆಳಗಿನ ತನ್ನ ಮೇಜಿಗೆ ಓಡಿದಳು. ನಾನು ಹೋಗಿ ನೋಡುವಾಗ ಸೋಪಿನ ಡಬ್ಬಿಯ ಪಕ್ಕೆ ಕೊರೆದು ಒಂದು ಸ್ವಿಚ್ಚು ಕೂರಿಸುತ್ತಿದ್ದಳು. ಅದನ್ನು ಸರಿಸಿದರೆ ಡಬ್ಬಿಯ ಚಿಪ್ಪಿಗೂ ಕ್ಯಾಸೆಟ್ಟಿನ ಚಿಪ್ಪಿಗೂ ಬೀಗ. ಆಮೇಲೆ ಯಂತ್ರ ಎಷ್ಟು ಹುಚ್ಚೆದ್ದರೂ ಗೀಚಲಾರದು. ಅಣ್ಣನ ಹೆಬ್ಬೆರಳು ಮಾಡುತ್ತಿದ್ದ ಕೆಲಸವನ್ನು ಡಬ್ಬಿಗೆ ಕಲಿಸಿದಳು. ಬುಧವಾರ ಬೆಳಗ್ಗೆ ಅತ್ತಿಗೆಯ ಎದುರು ಹತ್ತಕ್ಕೆ ಹತ್ತು. ಅಕ್ಕ ಬಿಡಲಿಲ್ಲ, ಇನ್ನೂ ಹತ್ತು ಮಾಡಿದಳು.

"ಸಾಕು ತಾಯಿ, ಬ್ಲೌಸಿನವರು ಬಂದು ಕಾಯ್ತಿರ್ತಾರೆ" ಅಂತ ಅತ್ತಿಗೆ ಎದ್ದಳು.

ಒಂದು ಕಂಟಕ ಉಳಿದಿತ್ತು. ಡಬ್ಬಿ ಹಾಕಬೇಕಾದರೆ ಕ್ಯಾಸೆಟ್ಟು ತೆಗೆಯಬೇಕು, ತೆಗೆಯಬೇಕಾದರೆ ಹತ್ತೊಂಬತ್ತು ದಿನದಿಂದ ಓಡುತ್ತಿದ್ದ ಯಂತ್ರ ಆಫ್ ಆಗಬೇಕು. ಅಷ್ಟು ಹೊತ್ತು ಆ ಸಾಯುವ ಬ್ಯಾಟರಿಯೇ ನೆನಪನ್ನು ಹಿಡಿದಿರಬೇಕು. ಹಿಡಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

"ಎಷ್ಟು ಹೊತ್ತು ಬೇಕಂತೆ ಅವಳಿಗೆ?" ಅಣ್ಣ ಹೆಂಡತಿಯನ್ನು ಕೇಳಿದ.

ಅಕ್ಕ ಮಾಮನ ಯಂತ್ರವನ್ನು ಹೊತ್ತು ತಂದು ನೆಲದ ಮೇಲಿಟ್ಟಳು. ಕೆಲಸಕ್ಕೆ ಬಾರದ ಕ್ಯಾಸೆಟ್ಟೊಂದನ್ನು ಹಿಡಿದು ತಾಲೀಮು ಶುರುಮಾಡಿದಳು: ಕೀಳು, ಡಬ್ಬಿ ಒತ್ತು, ಕ್ಯಾಸೆಟ್ಟು ಒತ್ತು, ಆನ್. ಅತ್ತಿಗೆ ಮೊಬೈಲ್ ಹಿಡಿದು ಎಣಿಸಿದಳು. ಮೊದಲ ಸಲ ಇಪ್ಪತ್ತಾರು ಸೆಕೆಂಡ್. ಕಾರ್ಖಾನೆಯ ಸಾಲಿನಲ್ಲಿ ಇಂಥ ಓಟ ಓಡಿಸಿ ಓಡಿಸಿಯೇ ನಮ್ಮ ಬೆನ್ನು ಮುರಿದಿದ್ದರು. ಅಕ್ಕ ಆ ಓಟವನ್ನೇ ತನಗೆ ಬೇಕಾದ್ದಕ್ಕೆ ಓಡಿದಳು. ಹದಿನೆಂಟು. ಹದಿಮೂರು. ನಲವತ್ತನೇ ಸಲಕ್ಕೆ ಏಳು. ಆಮೇಲೆ ಹತ್ತು ಸಲವೂ ಏಳು.

ಅಣ್ಣ ಮಂಚದಿಂದ ಬಗ್ಗಿ ನೋಡುತ್ತಿದ್ದ. ತಾನೇ ಕೈ ಚಾಚಿ ಸ್ಟೂಲನ್ನು ಎಳೆದುಕೊಂಡ. ಹೆಬ್ಬೆರಳು ರೀಸೆಟ್ ಮೇಲೆ, ತೋರುಬೆರಳು ಸ್ವಿಚ್ಚಿನ ಮೇಲೆ.

"ಮೂರು ಅಂದಾಗ" ಅಂದ. ಯಾರಿಗೆ ಎಂದು ಹೇಳಲಿಲ್ಲ, ಹೆಂಡತಿಯ ಕಡೆ ನೋಡಲೂ ಇಲ್ಲ.

ಮೂರು ಅಂದ. ಪರದೆ ಕಪ್ಪಾಯಿತು. ಅಕ್ಕ ಕಿತ್ತಳು, ಒತ್ತಿದಳು, ಮತ್ತೆ ಒತ್ತಿದಳು, ಆನ್ ಮಾಡಿದಳು. ಅತ್ತಿಗೆ ಎಣಿಸುವುದನ್ನೇ ಮರೆತಿದ್ದಳು. ಅಕ್ಕ ನಕಲಿನ ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು, ಸುಮಾರು ಹೊತ್ತು ಕೆಂಪಗೇ ಇತ್ತು, ಆಮೇಲೆ ಹಸಿರಾಯಿತು. ಆಟ ತೆರೆದು ನೋಡಿದರೆ ಎರಡು ಪಯಣವೂ ಇದ್ದವು.

ಯಾರೂ ಹಿಗ್ಗಲಿಲ್ಲ. ಅರ್ಧ ಕೆಲಸ ಬಾಕಿ ಇತ್ತು. ಹಳೇ ಬ್ಯಾಟರಿ ತೆಗೆದು ಹೊಸದು ಹಾಕಬೇಕು. ತೆಗೆದ ಗಳಿಗೆಗೆ ಕ್ಯಾಸೆಟ್ಟಿನೊಳಗಿನ ಹಡಗು ಮುಗಿಯಿತು. ಆಮೇಲೆ ಇರುವುದು ಸೋಪಿನ ಡಬ್ಬಿಯಲ್ಲಿರುವ ನಕಲು ಮಾತ್ರ. ಅಕ್ಕ ಡಬ್ಬಿಯ ಬೀಗ ಸರಿಸಿದಳು. ಅಣ್ಣ ರೀಸೆಟ್ ಒತ್ತಿಹಿಡಿದು ಆಫ್ ಮಾಡಿದ. ಅವಳು ಕಿಟಕಿಯ ಬೆಳಕಿಗೆ ಕೂತು ಸ್ಕ್ರೂ ಬಿಚ್ಚಿದಳು, ಕಡ್ಡಿ ಕಾಯಿಸಿದಳು. ಕಡ್ಡಿ ಬ್ಯಾಟರಿಯ ಹತ್ತಿರ ಹೋಗಿ ನಿಂತಿತು. ತಂತಾನೇ ಓಡುತ್ತಿದ್ದ ಕೈ ಮೊದಲ ಸಲ ಅಪ್ಪಣೆಗೆ ಕಾಯುತ್ತಿತ್ತು.

"ಏನ್ ನೋಡ್ತೀಯ, ತೆಗಿ" ಅಂದ ಅಣ್ಣ, ನೇರ ಅವಳಿಗೇ. "ನಿಂಗೆ ಸರಿಯಾಗಿ ಬರೋದೇ ಅದೊಂದು."

ತೆಗೆದಳು. ಹೊಸದನ್ನು ಬೆಸೆದಳು. ಡಬ್ಬಿಗೆ ಸಿಕ್ಕಿಸಿ, ಬೀಗ ತೆಗೆದು, ವಾಪಸ್ ಗುಂಡಿ ಒತ್ತಿದಳು. ಕೆಂಪು, ಆಮೇಲೆ ಹಸಿರು. ಹಡಗು ಬಿಟ್ಟಲ್ಲೇ ಇತ್ತು, ಬಂದರಿನ ಮೂರನೇ ಕಟ್ಟೆಯಲ್ಲಿ, ಅರ್ಧ ಸರಕು ಇಳಿಸಿಕೊಂಡು. ಅಣ್ಣ ಒಂದೊಂದೇ ಮೂಟೆ ಎಣಿಸಿ ನೋಡಿದ. ಒಗ್ಗಿದ ಕೆಲಸ, ಕ್ರೇನಿನವನಲ್ಲವೇ. ಲೆಕ್ಕ ಸರಿಯಿತ್ತು.

"ಊರಿನ ಕ್ಯಾಸೆಟ್ಟಿಗೂ ಹೊಸದು ಹಾಕಿಡು" ಅಂದ. "ಆಚೆ ಸರಿ ಈಗ, ಬೆಳಕಿಗೆ ಅಡ್ಡ ಕೂತಿದೀಯ."

ಮರುದಿನ ಬೆಳಗ್ಗೆ ಆರಕ್ಕೆ ಕರೆಂಟ್ ಹೋಯಿತು. ಹತ್ತು ಗಂಟೆಗೆ ನಾನು ಹೋದಾಗ ಟಿವಿ ಕಪ್ಪಗಿತ್ತು. ಅಣ್ಣ ದಿಂಬಿಗೊರಗಿ ಅತ್ತಿಗೆಯ ಬಟ್ಟೆ ಕತ್ತರಿಸುವ ಕಂದು ಕಾಗದದ ಹಿಂಬದಿಯಲ್ಲಿ ಹೊಸ ಊರಿನ ರಸ್ತೆಯ ಗೆರೆ ಎಳೆಯುತ್ತಿದ್ದ. ಅಕ್ಕ ಸ್ಕೇಲು ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ಬಸ್ ಡಿಪೋ ನದಿ ಪಕ್ಕ ಬೇಡ" ಅನ್ನುತ್ತಿದ್ದಳು. "ಹಿಂದಿನ ಸಲ ಇಟ್ಟು ನಾರುತ್ತಿತ್ತು."

"ಊರು ಕೆಡವಿದವಳು ಸುಮ್ನೆ ಸ್ಕೇಲ್ ಹಿಡ್ಕೋ" ಅಂದ ಅವನು, ಡಿಪೋವನ್ನು ಅಳಿಸುತ್ತಾ.