ಮುದ್ದೆಯೊಳಗಿನ ಕ್ಯಾರೆಟ್

ತರಕಾರಿ ತಿನ್ನಿ ಅಂತ ಡಾಕ್ಟರು ಬೈದಿದ್ದರು. ಹೊಳೆನರಸೀಪುರಕ್ಕೆ ವರ್ಗವಾಗಿ ಬಂದು ಒಬ್ಬನೇ ಇರುವ ನಾನು ಪಲ್ಯಕ್ಕೆಂದು ಇನ್ನೊಂದು ಬಾಣಲೆ ತೊಳೆಯುವವನಲ್ಲ. ಹಾಗಾಗಿ ರಾಗಿಮುದ್ದೆ ತಿರುವುವಾಗಲೇ ಅದರೊಳಗೆ ಕ್ಯಾರೆಟ್ ತುರಿ, ಹೆಚ್ಚಿದ ಹುರುಳಿಕಾಯಿ ಸೇರಿಸಿಬಿಟ್ಟೆ.

ನಲ್ಲಿಯಲ್ಲಿ ನೀರು ಬಂತು ಅಂತ ಹೇಳಲು ಬಂದ ಮನೆ ಓನರ್ ಜಯಮ್ಮ ನನ್ನ ತಟ್ಟೆ ನೋಡಿ ಅಲ್ಲೇ ನಿಂತರು.

“ಇದೇನ್ ಸಾ, ಮುದ್ದೆಗೆ ಸಿಡುಬು ಎದ್ದಂಗೈತೆ! ಎಂಗ್ ನುಂಗ್ತೀರಾ ಇದ್ನ?”

“ನುಂಗಲ್ಲ ಜಯಮ್ಮೋರೇ, ಅಗಿದು ತಿಂತೀನಿ.”

“ಮುದ್ದೆ ಅಗೀತೀರಾ?” ಆ ದನಿ ಇಡೀ ಬೀದಿಗೆ ಕೇಳಿಸಿತು. “ಒಬ್ರೇ ಇದ್ರೆ ಇಂಗೇ ಆಗೋದು. ತರ್ಕಾರಿ ಇಲ್ ಕೊಡಿ, ಬಸ್ಸಾರು ಮಾಡ್ಕೊಡ್ತೀನಿ.”

ಸಂತೆಯಿಂದ ತಂದಿದ್ದ ಹುರುಳಿಕಾಯಿ, ದಂಟಿನ ಸೊಪ್ಪು ಚೀಲದ ಸಮೇತ ಅವರ ಅಡುಗೆಮನೆ ಸೇರಿದವು. ಸಂಜೆ ಬಂದದ್ದು ಅವನ್ನು ಬೇಯಿಸಿ ಬಸಿದ ನೀರಿನ ಸಾರು. ಘಮ ಘಮ ಅನ್ನುತ್ತಿತ್ತು, ಆದರೆ ಒಂದೆಸಳು ಸೊಪ್ಪಿಲ್ಲ.

“ಸೊಪ್ಪು, ಕಾಯಿ ಎಲ್ಲಿ?”

“ಅದು ಪಲ್ಯ ಆಯ್ತು, ನಮ್ಮನೇರು ಉಂಡ್ರು. ನಿಮ್ಗ್ಯಾಕೆ ಅಗಿಯೋ ಕಷ್ಟ ಅಂತ ಬರೀ ಸಾರು ತಂದೆ. ನುಂಗಿ ಸಾ.”

ನುಂಗಿದೆ. ಈಗ ವಾರವಾರವೂ ಇದೇ ಕಥೆ. ಮೊನ್ನೆ ಜಯಮ್ಮನ ಯಜಮಾನರು ಸಿಕ್ಕಿ, ನಾನು ಬಂದ ಮೇಲೆ ತಮ್ಮ ಆರೋಗ್ಯ ಬಹಳ ಸುಧಾರಿಸಿದೆ ಅಂದರು.