ಮಾವನವರ ಮುನಿಸು

ಮದುವೆಯಾದ ಮೊದಲ ವರ್ಷ ಪೂರ್ತಿ, ನಮ್ಮ ಮಾವನವರಿಗೆ ನನ್ನನ್ನು ಕಂಡರೆ ಆಗುವುದಿಲ್ಲ ಎಂದೇ ನಾನು ನಂಬಿದ್ದೆ. ಅದಕ್ಕೆ ಆಧಾರಗಳೂ ಇದ್ದವು. ಸಾಲಿಗ್ರಾಮದಿಂದ ಬಸ್ಸು ಹತ್ತಿ ಹುಣಸೂರಿಗೆ ಹೋದರೆ ಜಗಲಿಯ ಮೇಲೆ ಕೂತಿದ್ದ ಅವರು ನಗುತ್ತಿರಲಿಲ್ಲ. ಚೆನ್ನಾಗಿದ್ದೀರಾ ಎಂದು ಕೇಳಿದರೆ ಗಂಟಲೊಳಗೇ ಏನೋ ಗೊಣಗಿ ಸುಮ್ಮನಾಗುತ್ತಿದ್ದರು. ಊಟಕ್ಕೆ ಎಲೆ ಹಾಕಿದರೆ, ನೀವು ಮಾಡಿ ಎಂಬಂತೆ ಕೈಯಾಡಿಸಿ ಒಳಗೆ ಹೋಗಿಬಿಡುತ್ತಿದ್ದರು. ಹೈಸ್ಕೂಲಿನ ಗುಮಾಸ್ತನಾದರೇನು, ನನಗೂ ಮರ್ಯಾದೆ ಅಂತ ಒಂದಿರುತ್ತದಲ್ಲ.

ಇದೇ ಮನುಷ್ಯ ಹಿಂದೆ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದವರು. ಅವರು ಪಿರಿಯಾಪಟ್ಟಣ ಎಂದು ಕೂಗಿದರೆ ಸಂತೆಯ ಆ ತುದಿಯಲ್ಲಿ ಬದನೆಕಾಯಿ ಆರಿಸುತ್ತಿದ್ದವರು ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದರಂತೆ. ಮನೆಯಲ್ಲೂ ಅದೇ ದನಿ. ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ಅತ್ತೆ ಮೂವತ್ತು ವರ್ಷ ಬೇಡಿಕೊಂಡಿದ್ದರು. ಈಗ ಅದು ತಾನಾಗಿಯೇ ಕುಗ್ಗಿದಾಗ ಮನೆಯವರೆಲ್ಲ ವಯಸ್ಸಾಯಿತು ಎಂದುಕೊಂಡರು. ನಾನೊಬ್ಬ ನನ್ನ ಮೇಲಿನ ಸಿಟ್ಟು ಎಂದುಕೊಂಡೆ. ಲೋಕದಲ್ಲಿ ಆಗುವುದೆಲ್ಲ ತನ್ನಿಂದಲೇ ಎಂದು ತಿಳಿಯುವ ಹೊಸ ಅಳಿಯಂದಿರ ಕಾಯಿಲೆಗೆ ಇನ್ನೂ ಯಾರೂ ಮದ್ದು ಕಂಡುಹಿಡಿದಂತಿಲ್ಲ.

ಒಂದು ಭಾನುವಾರ ಬೆಳಗ್ಗೆ, ಅತ್ತೆಯ ಬಲವಂತಕ್ಕೆ ಅವರು ನನ್ನ ಜೊತೆಯಲ್ಲೇ ಕಾಫಿಗೆ ಕೂತರು. ಎರಡನೆಯ ಗುಟುಕಿಗೇ ನೆತ್ತಿಗೆ ಹತ್ತಿತು. ಮುಖ ಕಪ್ಪಿಡುವ ತನಕ ಕೆಮ್ಮಿದರು. ನಾನು ಗಾಬರಿಯಿಂದ ಬೆನ್ನು ಸವರುತ್ತಿದ್ದಂತೆ ಅವರ ಕಟ್ಟಿಸಿದ ಹಲ್ಲಿನ ಸೆಟ್ಟು ಜಾರಿ ಮಡಿಲಿಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಹೋದ ಕೈ ನಡುಗುತ್ತಿತ್ತು. ಟವೆಲಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಅಷ್ಟು ದಿನ ನನ್ನೆದುರು ಊಟಕ್ಕೆ ಕೂರದಿದ್ದದ್ದು ಸಿಟ್ಟಿನಿಂದಲ್ಲ, ನಾಚಿಕೆಯಿಂದ ಎಂದು ಆಗ ನನ್ನ ತಲೆಗೆ ಹೊಳೆಯಿತು.

ಆ ವಾರವೇ ಮೈಸೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಅವರನ್ನು ನಡೆಸಿ ನೋಡಿದರು, ಬರೆಸಿ ನೋಡಿದರು, ಪಾರ್ಕಿನ್ಸನ್ ಕಾಯಿಲೆ ಎಂದರು. ನಮ್ಮ ಪಂಡಿತರು ಇದನ್ನು ಕಂಪವಾತ ಎನ್ನುತ್ತಾರೆ. ಹೆಸರು ಸೊಗಸಾಗಿದೆ, ಆದರೆ ಅದು ಹೇಳುವುದು ನಡುಕವೊಂದನ್ನೇ. ದನಿ ಸಣ್ಣಗಾಗುವುದು, ನುಂಗುವುದು ತಡವಾಗುವುದು, ಮುಖದಲ್ಲಿ ನಗು ಮೂಡದಿರುವುದು ಇದೆಲ್ಲ ಆ ಹೆಸರಿನಲ್ಲಿಲ್ಲ. ಮುಖದ ಸ್ನಾಯು ಬಿಗಿದಿರುತ್ತದೆ, ಸಿಟ್ಟು ಎಂದುಕೊಳ್ಳಬೇಡಿ ಎಂದರು ಡಾಕ್ಟರು. ಕಾಯಿಲೆ ಪೂರ್ತಿ ವಾಸಿಯಾಗುವಂಥದ್ದಲ್ಲವೆಂದು ಕೇಳಿ ದುಃಖಪಡಬೇಕಾದ ನಾನು, ನಾಚಿಕೆಯಿಲ್ಲದೆ ಹೇಳುತ್ತೇನೆ, ಒಳಗೊಳಗೇ ಹಗುರಾದೆ.

ವಾಪಸು ಬರುವಾಗ ಬಸ್ಸು ಇನ್ನೂ ಹೊರಟಿರಲಿಲ್ಲ. ಮಾವ ನನ್ನ ತೋಳು ಹಿಡಿದರು. ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದೆ.

"ಅಳಿಯಂದ್ರೇ, ನೀವು ಬಂದಾಗೆಲ್ಲ ಮಾತಾಡ್ಬೇಕು ಅಂತ್ಲೇ ಇತ್ತು ಕಣ್ರೀ. ದನಿ ಈಚೆಗೆ ಬರ್ನಿಲ್ಲ."

ನಾನು ಕಿಟಕಿಯಾಚೆ ನೋಡಿದೆ. ಏನು ನೋಡಿದೆನೋ ನೆನಪಿಲ್ಲ.

ಆಮೇಲೆ ಮನೆಯ ಕಾನೂನುಗಳೇ ಬದಲಾದವು. ಒಸಡು ಕುಗ್ಗಿ ಸಡಿಲವಾಗಿದ್ದ ಸೆಟ್ಟನ್ನು ಹಲ್ಲಿನ ಡಾಕ್ಟರು ಬಿಗಿ ಮಾಡಿಕೊಟ್ಟರು. ಅದನ್ನು ಉಜ್ಜುವ ಬ್ರಷ್ಷು ನಡುಗುವ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅದರ ಹಿಡಿಗೆ ಹಳೆಯ ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿಕೆ ಸಿಕ್ಕಿಸಿದೆ. ನನ್ನ ಜೀವಮಾನದ ಏಕೈಕ ಸಂಶೋಧನೆ ಅದು. ನೀರಿನಂತೆ ತೆಳುವಾದ ಕಾಫಿ ಗಂಟಲಲ್ಲಿ ಬೇಗ ಜಾರಿ ದಾರಿ ತಪ್ಪುತ್ತಿದ್ದುದರಿಂದ ಅದರ ಜಾಗಕ್ಕೆ ಗಟ್ಟಿ ರಾಗಿ ಗಂಜಿ ಬಂತು. ಮುದ್ದೆಯನ್ನು ಅಗಿಯದೆ ನುಂಗುವುದೇ ಧರ್ಮವೆಂದು ನಂಬಿದ ಸೀಮೆಯಲ್ಲಿ ಹುಟ್ಟಿದವರು ಮೆತ್ತಗೆ ಕಿವುಚಿದ ಅನ್ನವನ್ನು ನೆಟ್ಟಗೆ ಕೂತು, ಗದ್ದ ತಗ್ಗಿಸಿ, ಸ್ವಲ್ಪ ಸ್ವಲ್ಪವೇ ನುಂಗುವುದನ್ನು ಕಲಿತರು. ಅವರು ಊಟ ಮಾಡುವಾಗ ಯಾರೂ ಮಾತಾಡಿಸುವಂತಿರಲಿಲ್ಲ. ನನಗೆ ಇದು ಎಲ್ಲಕ್ಕಿಂತ ಕಷ್ಟದ ಪಥ್ಯವಾಯಿತು.

ದನಿಯ ಚಿಕಿತ್ಸೆ ಅತ್ತೆಯ ಪಾಲಿಗೆ ಬಂತು. ದಿನಾ ಬೆಳಗ್ಗೆ ಮಾವ ಜಗಲಿಯಲ್ಲಿ ಉಸಿರು ತುಂಬಿಕೊಂಡು ಗಟ್ಟಿಯಾಗಿ ಪೇಪರು ಓದಬೇಕು; ಅತ್ತೆ ಅಡಿಗೆಮನೆಯಲ್ಲಿ ಕೂತು ಕೇಳಿಸಿಕೊಳ್ಳಬೇಕು. "ಕೇಳಿಸ್ನಿಲ್ಲ, ಇನ್ನೊಂದ್ ಸಲ ಯೋಳಿ" ಎನ್ನುತ್ತಿದ್ದರು. ಕೇಳಿಸಿದ ದಿನವೂ ಹಾಗೆಯೇ ಅನ್ನುತ್ತಿದ್ದರೆಂದು ನನಗೆ ಗುಮಾನಿ.

ಮುಂದಿನ ವರ್ಷ ನಮಗೆ ಮಗಳು ಹುಟ್ಟಿದಳು. ಕಿವಿಯಲ್ಲಿ ಹೆಸರು ಹೇಳುವವರು ಮಾವನವರೇ ಆಗಬೇಕೆಂದು ನಾನು ಹಟ ಹಿಡಿದೆ. ನಾಮಕರಣದ ದಿನ ಅವರು ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಊಟಕ್ಕೂ ಕೂರುವವರಿದ್ದರು. ತೊಟ್ಟಿಲ ಮೇಲೆ ಬಾಗಿದರು. ಪಿಸುಗುಟ್ಟಿದರೆ ಸಾಕಾಗಿತ್ತು. ಆದರೆ ವರ್ಷದ ಅಭ್ಯಾಸ ನೋಡಿ, ಎದೆ ತುಂಬ ಉಸಿರು ತೆಗೆದುಕೊಂಡು "ಸುಶೀಲಾ" ಎಂದರು. ಬೀದಿಯಲ್ಲಿ ಚಪ್ಪಲಿ ಬಿಡುತ್ತಿದ್ದ ನೆಂಟರಿಗೂ ಮಗುವಿನ ಹೆಸರು ತಿಳಿಯಿತು. ಮಗು ಬೆಚ್ಚಿ ಕಿರುಚಿತು.

ಮಾವನವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನೋಡಿದವರು ಮುದುಕರಿಗೆ ಮೊಮ್ಮಗಳು ಹಿಡಿಸಲಿಲ್ಲವೇನೋ ಎಂದುಕೊಂಡಿರಬಹುದು. ನಾನು ಅವರ ಭುಜಗಳನ್ನು ನೋಡಿದೆ. ಎರಡೂ ಕುಲುಕುಲು ಕುಣಿಯುತ್ತಿದ್ದವು. ಅದು ಕಾಯಿಲೆಯ ನಡುಕವಂತೂ ಅಲ್ಲ.