ಬಂದವರ ಪಾಲು

ಆಗೆಲ್ಲ ಬನಹಟ್ಟಿಯ ನಮ್ಮ ಓಣಿಗೆ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿನಿಂದ. ಸಂಕ್ರಾಂತಿ ಹತ್ತಿರ ಬಂತೆಂದರೆ ಹುರಿದ ಶೇಂಗಾದ ವಾಸನೆಯೂ ಜೊತೆಗೂಡುತ್ತಿತ್ತು. ನಾನಾಗ ಮೂರನೇ ಇಯತ್ತೆ. ಭಾಗಾಕಾರ ಆಗಷ್ಟೇ ಶುರುವಾಗಿದ್ದ ಕಾಲ.

ಮನೆಯಲ್ಲಿ ನಾವು ನಾಲ್ಕೇ ಜನ: ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ಮತ್ತು ನಾನು. ಆದರೆ ಆಯಿ ಏನು ಮಾಡಿದರೂ ಐದು ಪಾಲು ಹಾಕುತ್ತಿದ್ದಳು. ಐದನೆಯದು ಬಂದವರ ಪಾಲು. ಹೆಚ್ಚಾಗಿ ಅದನ್ನು ಉಣ್ಣುತ್ತಿದ್ದವಳು ನಮ್ಮ ಮಗ್ಗಕ್ಕೆ ಕಂಡಿಕೆ ಸುತ್ತಿಕೊಡುತ್ತಿದ್ದ ಶಾಂತವ್ವ. ಸುತ್ತಿದ ನೂಲಿನ ಬುಟ್ಟಿ ಇಳಿಸಿ, ಉಂಡು, ಕೈ ತೊಳೆದು, ನನ್ನ ಜಡೆ ಹೆಣೆದೇ ಹೋಗುತ್ತಿದ್ದಳು.

ಒಂದು ದಿನ ಸರ್ ಬೋರ್ಡಿನ ಮೇಲೆ ಲೆಕ್ಕ ಬರೆದರು. ಇಪ್ಪತ್ತು ಹೋಳಿಗೆ, ಮನೆಯಲ್ಲಿ ನಾಲ್ಕು ಜನ, ಒಬ್ಬರಿಗೆ ಎಷ್ಟು? ತಾಟು ಬರೆದು ಹಂಚಿರಿ ಅಂದರು. ನಾನು ಪಾಟಿಯ ಮೇಲೆ ಐದು ತಾಟು ಬರೆದೆ. ಒಂದೊಂದರಲ್ಲಿ ನಾಲ್ಕು ಚುಕ್ಕೆ ಬಂದವು. ಎಲ್ಲರಿಗಿಂತ ಮೊದಲು ಎದ್ದು ತೋರಿಸಿದೆ.

"ಐದನೇ ತಾಟ ಯಾರದವ್ವಾ?" ಅಂದರು ಸರ್.

"ಬಂದೋರದ್ರಿ."

ವರ್ಗವೆಲ್ಲ ಗೊಳ್ಳೆಂದು ನಕ್ಕಿತು.

"ಲೆಕ್ಕದಾಗ ಯಾರೂ ಬರೂದಿಲ್ಲ. ನಾಕು ಮಂದಿ ಅಂದ್ರ ನಾಕ. ನಾಕ ಐದಲೆ ಇಪ್ಪತ್ತು. ಕುಂಡ್ರು."

ಸಾಲಿ ಬಿಡುವವರೆಗೂ ಹುಡುಗರು "ಬಂದೋರು ಬಂದ್ರು" ಎಂದು ಕಾಡಿದರು. ನನಗೆ ಆಯಿಯ ಮೇಲೆ ಸಿಟ್ಟು ನೆತ್ತಿಗೇರಿತ್ತು. ಮನೆಗೆ ಬಂದರೆ ಅವಳು ಶೇಂಗಾ ಹೋಳಿಗೆ ಪಾಲು ಹಾಕುತ್ತಿದ್ದಳು. ಐದನೆಯ ತಾಟಿನ ನಾಲ್ಕನ್ನೂ ಎತ್ತಿ ಉಳಿದ ತಾಟುಗಳಿಗೆ ಒಂದೊಂದು ಬಡಿದೆ.

"ನಾಕು ಮಂದಿಗಿ ಐದೈದು. ಬಂದೋರಿಗೆ ಏನೂ ಇಲ್ಲ. ಸಾಲ್ಯಾಗ ಹೇಳ್ಯಾರ."

ತಿರುಗಿದರೆ ಬಾಗಿಲಲ್ಲಿ ಶಾಂತವ್ವ. ಬುಟ್ಟಿ ಇನ್ನೂ ಅವಳ ಸೊಂಟದ ಮೇಲಿತ್ತು.

"ಲೆಕ್ಕ ಬರೋಬ್ಬರಿ ಐತಿ ಬಿಡವ್ವಾ," ಎಂದಳು. "ನಂದು ಊಟ ಆಗೇತಿ."

ಆಯಿ ಕೈ ಹಿಡಿದು ಜಗ್ಗಿದರೂ ಕೂಡಲಿಲ್ಲ. ಅಂದಿನಿಂದ ಬುಟ್ಟಿ ಇಳಿಸಿ ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಿದ್ದಳು. ಆಯಿ ನನಗೆ ಬೈದಿದ್ದರೆ ಚೆನ್ನಾಗಿತ್ತು. ಐದನೆಯ ತಾಟನ್ನು ಮಾತ್ರ ಇಡುತ್ತಲೇ ಇದ್ದಳು, ನಾನು ಅದರ ಕಡೆ ನೋಡದೆ ಉಣ್ಣುತ್ತಿದ್ದೆ. ಶಾಂತವ್ವನ ಮನೆ ನಮ್ಮಿಂದ ಆರು ಬಾಗಿಲು ಆಚೆ ಇತ್ತು. ಹೋಗಿ "ಉಣ್ಣಾಕ ಬಾ" ಅನ್ನಲು ನನಗೆ ಮುಖವಿರಲಿಲ್ಲ. ಕೊನೆಗೂ ಅನ್ನಲೇ ಇಲ್ಲ. ನೆನೆದರೆ ಇಂದಿಗೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಆ ವರ್ಷ ಪರೀಕ್ಷೆಯಲ್ಲಿ ಭಾಗಾಕಾರಕ್ಕೆ ನನಗೆ ಪೂರ್ತಿ ಅಂಕ ಬಂದಿದ್ದವು.

ಈಗ ಆಯಿ ಇಲ್ಲ, ಶಾಂತವ್ವನೂ ಇಲ್ಲ. ಜಮಖಂಡಿಯ ನನ್ನ ಮನೆಯಲ್ಲಿಯೂ ನಾವು ನಾಲ್ಕೇ ಜನ. ಮೊನ್ನೆ ಮಗಳು ಅಂಥದೇ ಲೆಕ್ಕ ಮಾಡುತ್ತಿದ್ದಳು. ನಾಲ್ಕು ತಾಟು ಬರೆದು, ಐದೈದು ಚುಕ್ಕೆ ಇಟ್ಟು, "ಬರೋಬ್ಬರಿ ಐತೇನ್ ಮಮ್ಮಿ?" ಎಂದಳು.

ಬರೋಬ್ಬರಿಯೇ ಇತ್ತು. ಇನ್ನೊಂದು ತಾಟು ಬರೆಯಬೇಕೆಂದು ಅವಳಿಗೆ ಹೊಳೆಯುವುದಾದರೂ ಹೇಗೆ? ನನ್ನ ಮನೆಯಲ್ಲಿ ಅವಳು ಅದನ್ನು ಒಂದು ದಿನವೂ ಕಂಡಿಲ್ಲ.